ಬಾವಿ ಪಂಪಿನ ಡಬ್ಬಕ್ಕೆ ಬುದ್ಧಿ ಕಲಿಸಿದ್ದು, ಮತ್ತೆ ಅದು ಅಪ್ಪನ ಮೇಲೆ ದೂರು ಹಾಕಿದ್ದು

ಹೋದ ವರ್ಷ ಮಾರ್ಚಲ್ಲಿ ನಾಗನಿಗೆ ತಂಬಿಲದ ಪೂಜೆ ಇದ್ದ ದಿನ, ಮನೆ ತುಂಬ ಜನ, ಬೆಳಗ್ಗೆ ಹತ್ತು ಗಂಟೆಗೆ ಟ್ಯಾಂಕ್ ಖಾಲಿ. ಪಂಪ್‌ಶೆಡ್ಡಿಗೆ ಓಡಿ ನೋಡಿದ್ರೆ ಪಂಪನ್ನು ತನ್ನಷ್ಟಕ್ಕೆ ಓಡಿಸಿ ನಿಲ್ಲಿಸ್ಲಿಕ್ಕೆ ನಾನೇ ಎರಡು ವರ್ಷ ಹಿಂದೆ ಮಾಡಿಟ್ಟ ಡಬ್ಬದಲ್ಲಿ ಕೆಂಪು ಲೈಟು, ಡಿಸ್‌ಪ್ಲೇಯಲ್ಲಿ 'ಡ್ರೈ ರನ್, ಲಾಕ್', ಅಂದ್ರೆ ನೀರಿಲ್ಲದೆ ಓಡ್ತಾ ಇದೆ, ಬಂದ್. ಬಾವಿಗೆ ಬಗ್ಗಿದ್ರೆ ನೀರು ಬೇಕಾದಷ್ಟು ಉಂಟು ಮಾರ್ರೆ. ಅಪ್ಪ ಒಂದು ಮಾತೂ ಆಡದೆ ಒಳಗಿಂದ ಸ್ಕ್ರೂಡ್ರೈವರ್ ತಂದ್ರು, ಡಬ್ಬದ ಎರಡು ವಯರ್ ಬಿಚ್ಚಿ ನೇರ ಜೋಡಿಸಿದ್ರು, ಪಂಪು ಓಡಿತು. ಮರುದಿನ ಅಲ್ಲೇ ಗೋಡೆಗೆ ಒಂದು ದೊಡ್ಡ ಸ್ವಿಚ್ ಬಂತು, ಬೈಪಾಸ್. ಆಮೇಲೆ ಒಂದು ತಿಂಗಳು ಯಾರೇ ನೆಂಟರು ಬಂದ್ರೂ ಅಪ್ಪ ಅದನ್ನು ತೋರಿಸಿ 'ಇದು ಇವನ ಡಬ್ಬದ ಡಬ್ಬ' ಅಂತ ಹೇಳುದು.

ತಪ್ಪು ಎಂತ ಅಂದ್ರೆ, ಪೈಪಲ್ಲಿ ಎಷ್ಟು ನೀರು ಹೋಗ್ತದೆ ಅಂತ ಅಳೆಯುವ ಫ್ಲೋ ಸೆನ್ಸರ್ ಒಳಗಿನ ಸಣ್ಣ ಚಕ್ರಕ್ಕೆ ಟೆಫ್ಲಾನ್ ಟೇಪಿನ ಒಂದು ಎಳೆ ಸುತ್ತಿ ಅದು ನಿಂತಿತ್ತು. ನನ್ನ ಕೋಡಲ್ಲಿ ಇದ್ದದ್ದು ಒಂದೇ ಸಾಲು, ಪಂಪ್ ಆನ್ ಆಗಿ 30 ಸೆಕೆಂಡ್ ಆದ್ರೂ ಫ್ಲೋ ಸೊನ್ನೆ ಇದ್ರೆ ಡ್ರೈ ರನ್, ನಿಲ್ಲಿಸು, ಲಾಕ್ ಮಾಡು. ಅದೇ ಹೊತ್ತಿಗೆ ಕರೆಂಟ್ ಸೆನ್ಸರ್ 5.8 ಆಂಪಿಯರ್ ತೋರಿಸ್ತಾ ಇತ್ತು, ಅಂದ್ರೆ ಪಂಪು ನೀರೆತ್ತುವಾಗ ಎಷ್ಟು ತಗೊಳ್ತದೋ ಅಷ್ಟೇ, ನೀರಿಲ್ಲದೆ ಓಡಿದ್ರೆ ಅದು 4ರ ಕೆಳಗೆ ಇಳೀತದೆ. ಟ್ಯಾಂಕಿನ ನೀರೂ ಮೇಲೆ ಬರ್ತಾ ಇತ್ತು. ಇಬ್ಬರು ಸಾಕ್ಷಿಗಳು 'ನೀರು ಬರ್ತಾ ಉಂಟು' ಅಂತ ಬೊಬ್ಬೆ ಹೊಡೀತಾ ಇದ್ರೂ ಮೂರನೆಯವನೊಬ್ಬ ಇಲ್ಲ ಅಂದದ್ದಕ್ಕೆ ನನ್ನ ಡಬ್ಬ ಬಾಗಿಲು ಹಾಕಿ ಕೂತಿತ್ತು. ಮಾಹಿತಿ ಎಲ್ಲ ಇತ್ತು, ಅದನ್ನು ಸೇರಿಸಿ ನೋಡುವ ಬುದ್ಧಿ ಇರ್ಲಿಲ್ಲ.

ಮೊದಲು ಜಾಗದ ಲೆಕ್ಕ ಹೇಳ್ತೇನೆ, ಇಲ್ಲದಿದ್ರೆ ಮುಂದಿನದು ಅರ್ಥ ಆಗ್ಲಿಕ್ಕಿಲ್ಲ. ಮನೆ ಇರುದು ಉಡುಪಿಯ ಕೆಮ್ಮಣ್ಣು ಕಡೆ, ಒಂದು ಬದಿಗೆ ಸ್ವರ್ಣಾ ಹೊಳೆ, ಇನ್ನೊಂದು ಬದಿಗೆ ಸ್ವಲ್ಪ ದೂರದಲ್ಲಿ ಸಮುದ್ರ. ಕೆಂಪು ಕಲ್ಲಿನ ಬಾವಿ, ಒಳ ಅಗಲ 2.7 ಮೀಟರ್. ಒಂದು ಎಚ್‌ಪಿ ಮೊನೊಬ್ಲಾಕ್ ಪಂಪು, ಬಕೆಟ್ ಹಿಡಿದು ಅಳೆದಾಗ ನಿಮಿಷಕ್ಕೆ 68 ಲೀಟರ್. ಮೇಲೆ 2000 ಲೀಟರಿನ ಕಪ್ಪು ಟ್ಯಾಂಕ್, ಒಳ ಅಗಲ 1.35 ಮೀಟರ್. ಇಷ್ಟು ಗೊತ್ತಿದ್ರೆ ಲೆಕ್ಕ ತನ್ನಷ್ಟಕ್ಕೆ ಬರ್ತದೆ: ಪಂಪು ಓಡುವಾಗ ಟ್ಯಾಂಕಲ್ಲಿ ನೀರು ನಿಮಿಷಕ್ಕೆ 4.7 ಸೆಂಟಿಮೀಟರ್ ಏರ್ಬೇಕು, ಬಾವಿಯಲ್ಲಿ ಒರತೆ ಇಲ್ಲ ಅಂತ ಇಟ್ಕೊಂಡ್ರೆ 1.2 ಸೆಂಟಿಮೀಟರ್ ಇಳೀಬೇಕು, ಕರೆಂಟು 5.8ರ ಆಸುಪಾಸು ಇರ್ಬೇಕು. ಇದೇ ಮಾಡೆಲ್ ಅಂದ್ರೆ. ದೊಡ್ಡ ಸಂಗತಿ ಎಂತದೂ ಇಲ್ಲ. ಎಲ್ಲ ಸಮ ಇದ್ರೆ ಎಂತ ಕಾಣ್ಬೇಕು, ಒಂದೊಂದು ಭಾಗ ಹಾಳಾದ್ರೆ ಎಂತ ಕಾಣ್ಬೇಕು ಅಂತ ಮೊದಲೇ ಬರೆದಿಡುದು, ಆಮೇಲೆ ಕಂಡದ್ದಕ್ಕೆ ಯಾವ ಕಥೆ ಹೊಂದ್ತದೆ ನೋಡುದು.

ಈ ಯೋಚನೆ ನನ್ನದಲ್ಲ. ನಾಸಾದ ಏಮ್ಸ್ ಕೇಂದ್ರದಲ್ಲಿ ಬ್ರಯನ್ ವಿಲಿಯಮ್ಸ್ ಮತ್ತೆ ಪಾಂಡುರಂಗ ನಾಯಕ್ ಅಂತ ಇಬ್ಬರು 1996ರಲ್ಲಿ ಇದರ ಬಗ್ಗೆ ಒಂದು ಪೇಪರ್ ಬರೆದ್ರು, ಅವರ ಲಿವಿಂಗ್‌ಸ್ಟನ್ ಅನ್ನುವ ಪ್ರೋಗ್ರಾಂ 1999ರ ಮೇ ತಿಂಗಳಲ್ಲಿ ಡೀಪ್ ಸ್ಪೇಸ್ 1 ನೌಕೆಯ ಮೇಲೆ ನಿಜವಾಗಿ ಓಡಿತು. ರಿಮೋಟ್ ಏಜೆಂಟ್ ಅಂತ ಆ ಪ್ರಯೋಗದ ಹೆಸರು. ನೆಲದಲ್ಲಿದ್ದವರು ಬೇಕಂತಲೇ ಸುಳ್ಳು ಫಾಲ್ಟ್ ಕೊಟ್ರು, ನೌಕೆಯ ಸಾಫ್ಟ್‌ವೇರೇ ಎಂತ ಹಾಳಾಗಿದೆ ಅಂತ ಊಹೆ ಮಾಡಿ ಬೇರೆ ದಾರಿ ಹಿಡೀಬೇಕು. ಅದರಲ್ಲಿ ಪ್ರತಿ ಭಾಗಕ್ಕೂ ಒಂದಷ್ಟು ಅವಸ್ಥೆಗಳು, ಸರಿ ಇದೆ, ತೆರೆದೇ ಸಿಕ್ಕಿಬಿದ್ದಿದೆ, ಮುಚ್ಚಿಯೇ ಸಿಕ್ಕಿಬಿದ್ದಿದೆ ಹೀಗೆ. ಕಂಡದ್ದಕ್ಕೆ ಹೊಂದುವ ಕಥೆಗಳಲ್ಲಿ ಯಾವುದರ ಸಂಭವ ಹೆಚ್ಚೋ ಅದು ಗೆಲ್ತದೆ. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅಮ್ಮನಿಗೆ ಹೇಳಿದ್ರೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, 'ನಾಯಕ್ ಅಂದ್ರೆ, ಯಾವ ಊರಿನವರಂತೆ?'

ಮಳೆ ಹಿಡಿದ ಮೇಲೆ ಜೂನಲ್ಲಿ ಕೆಲಸ ಶುರು ಮಾಡಿದೆ. ತೋಟಕ್ಕೆ ನೀರು ಬೇಡ, ಮನೆಗೆ ಮಾತ್ರ, ಹಾಗಾಗಿ ನಾಲ್ಕು ತಿಂಗಳು ಪುರುಸೊತ್ತು. ಮೆದುಳು ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಚಿಪ್ಪು. ಕರೆಂಟಿಗೆ 30 ಆಂಪಿಯರಿನ ಎಸ್‌ಸಿಟಿ-013 ಕ್ಲಾಂಪು, ವೋಲ್ಟೇಜಿಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡ್ಯೂಲು, ಎರಡನ್ನೂ ಓದಿ ಅಂಕಿ ಮಾಡ್ಲಿಕ್ಕೆ ಎಡಿಎಸ್1115 ಚಿಪ್ಪು, ಯಾಕಂದ್ರೆ ಇಎಸ್‌ಪಿ32ರ ಒಳಗೇ ಇರುವ ಅಂಥದ್ದೇ ಭಾಗ, ಎಡಿಸಿ, ಎರಡೂ ತುದಿಯಲ್ಲಿ ಸೊಟ್ಟ. ಎಡಿಎಸ್ ಸೆಕೆಂಡಿಗೆ 860 ಸಲ ಓದ್ತದೆ, 50 ಹರ್ಟ್ಸಿನ ಒಂದೊಂದು ಅಲೆಗೆ 17 ಬಿಂದು ಬಂತು, ಒಂದು ಸೆಕೆಂಡ್ ಕರೆಂಟು, ಮುಂದಿನ ಸೆಕೆಂಡ್ ವೋಲ್ಟೇಜು, ನಮಗೆ ಇಷ್ಟು ಧಾರಾಳ. ಹಾಂ, ಕ್ಲಾಂಪನ್ನು ಮೊದಲ ದಿನ ಇಡೀ ಕೇಬಲಿನ ಸುತ್ತ ಹಾಕಿ ಸೊನ್ನೆ ಬರ್ತದೆ ಅಂತ ಒಂದು ಗಂಟೆ ಮಂಡೆ ಬೆಚ್ಚ ಮಾಡ್ಕೊಂಡೆ. ಫೇಸ್ ವಯರ್ ಒಂದರ ಸುತ್ತ ಮಾತ್ರ ಹಾಕ್ಬೇಕು, ಹೋಗುವ ಬರುವ ಎರಡೂ ಒಟ್ಟಿಗೆ ಇದ್ರೆ ಒಂದನ್ನೊಂದು ಕಳೀತದೆ. ಡಿಪ್ಲೊಮಾದಲ್ಲಿ ಇದನ್ನೇ ಬರೆದು ಮಾರ್ಕ್ ತಗೊಂಡವ ನಾನು.

ಟ್ಯಾಂಕಿಗೂ ಶೆಡ್ಡಿಗೂ 35 ಮೀಟರ್ ದೂರ, ಶಬ್ದ ಕಳಿಸಿ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿನ ವಯರನ್ನು ಅಷ್ಟು ದೂರ ಎಳೆಯುದು ಸುಮ್ಮನೆ. ಟ್ಯಾಂಕಿನ ಹತ್ತಿರ ಆರ್ಡುಯಿನೊ ನ್ಯಾನೊ ಅನ್ನುವ ಇನ್ನೊಂದು ಸಣ್ಣ ಬೋರ್ಡು ಕೂರಿಸಿ, ದೂರಕ್ಕೆ ಮಾಹಿತಿ ಕಳಿಸುವ ಆರ್‌ಎಸ್-485 ಲೈನಲ್ಲಿ ಕೆಳಗೆ ಕಳಿಸಿದೆ. ಸಿಡಿಲಿನ ಕಾಲದಲ್ಲಿ ಈ 485ರ ಚಿಪ್ಪುಗಳು ಸಾಯುದು ಮಾಮೂಲು, ಅದಕ್ಕೆ ಸಾಕೆಟ್ ಹಾಕಿದ್ದೇನೆ, ಒಂದು ಹೋದ್ರೆ ಕಿತ್ತು ಇನ್ನೊಂದು ಚುಚ್ಚುದು. ಮಂಗಳೂರಿನ ಹಂಪನಕಟ್ಟೆಯಿಂದ ಬರುವಾಗ ಒಟ್ಟಿಗೆ ಹತ್ತು ತಂದಿಟ್ಟಿದ್ದೆ, ಈಗ ಆರು ಉಳಿದಿದೆ.

ಹಳೆ ಡಬ್ಬದಲ್ಲಿ ಟ್ಯಾಂಕಿಗೆ ಎರಡು ಅಲ್ಟ್ರಾಸಾನಿಕ್ ಇಟ್ಟಿದ್ದೆ, ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ. ಎರಡೂ ಒಂದೇ ಮಾಡೆಲ್, ನೀರು ತಾಗಿದ್ರೂ ಆಗುವಂಥ ಜೆಎಸ್‌ಎನ್-ಎಸ್‌ಆರ್04ಟಿ. ಜುಲೈಯಲ್ಲಿ ಒಂದು ಬೆಳಗ್ಗೆ ಎರಡೂ 'ಟ್ಯಾಂಕ್ ಫುಲ್' ಅಂತ ಹೇಳ್ತವೆ, ಬಚ್ಚಲಲ್ಲಿ ನೀರಿಲ್ಲ. ಮೇಲೆ ಹತ್ತಿ ಮುಚ್ಚಳ ತೆಗೆದ್ರೆ ಎರಡರ ಮುಖದ ಮೇಲೂ ದಪ್ಪ ದಪ್ಪ ನೀರಿನ ಹನಿ, ರಾತ್ರಿಯ ತೇವ ಕೂತದ್ದು, ಶಬ್ದ ಹೊರಗೆ ಹೋಗುವ ಮೊದಲೇ ಹನಿಗೆ ತಾಗಿ ವಾಪಸ್. ಎರಡೂ ಒಂದೇ ಸುಳ್ಳು ಹೇಳಿದ್ರೆ ಎರಡಿದ್ದು ಎಂತ ಪ್ರಯೋಜನ? 1996ರ ಜೂನ್ 4ಕ್ಕೆ ಏರಿಯಾನ್ 5 ರಾಕೆಟಿನ ಮೊದಲ ಹಾರಾಟದಲ್ಲಿ ಆದದ್ದೂ ಇದೇ ಜಾತಿಯದ್ದು. ದಿಕ್ಕು ಹೇಳುವ ಯಂತ್ರ ಎರಡಿತ್ತು, ಎರಡರಲ್ಲೂ ಒಂದೇ ಸಾಫ್ಟ್‌ವೇರು, 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿಗೆ ತುರುಕ್ಲಿಕ್ಕೆ ಹೋಗಿ ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಮಲಗಿದ್ವು. ಹಾಗಾಗಿ ನಾನು ಒಂದು ಸೆನ್ಸರನ್ನು ಕಿತ್ತೇ ಬಿಟ್ಟೆ, ಉಳಿದದ್ದನ್ನು ಸ್ವಲ್ಪ ಓರೆ ಕೂರಿಸಿದೆ, ಹನಿ ಜಾರಿ ಹೋಗ್ಲಿ ಅಂತ. ಎರಡನೇ ಅಭಿಪ್ರಾಯಕ್ಕೆ ಫ್ಲೋ ಇದೆ: ಎಷ್ಟು ಲೀಟರ್ ಹೋಯ್ತು ಅಂತ ಗೊತ್ತಿದ್ರೆ ಮಟ್ಟ ಎಷ್ಟು ಏರ್ಬೇಕು ಅಂತ ಲೆಕ್ಕವೇ ಹೇಳ್ತದೆ. ಜಾತಿ ಬೇರೆ ಇರುವ ಸಾಕ್ಷಿ ಬೇಕು, ಅಣ್ಣತಮ್ಮಂದಿರು ಬೇಡ.

ರಿಲೇಯ ಬಗ್ಗೆ ಒಂದು ಮಾತು. ಪಂಪಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು ಕಾಂಟ್ಯಾಕ್ಟರ್, ಅದನ್ನು ಎಳೆದು ಹಿಡಿಯುವ ಕಾಯಿಲಿಗೆ ಸಣ್ಣ ಸ್ವಿಚ್ಚು ರಿಲೇ. ಕಾಯಿಲ್ ಬಿಡುವಾಗಲೆಲ್ಲ ಇಎಸ್‌ಪಿ32 ರೀಸೆಟ್ ಆಗ್ತಿತ್ತು, ಕಾಯಿಲಿಗೆ ಅಡ್ಡ 100 ಓಮ್ ಮತ್ತೆ 0.1 ಮೈಕ್ರೊಫ್ಯಾರಡಿನ, ಆ ಹೊಡೆತ ತಗ್ಗಿಸುವ ಸ್ನಬ್ಬರ್ ಹಾಕಿದ ಮೇಲೆ ನಿಂತಿತು. ಆದ್ರೆ ನನಗೆ ಹೆದರಿಕೆ ಇದ್ದದ್ದು ಪ್ರೋಗ್ರಾಂ ಎಲ್ಲಾದ್ರೂ ಸಿಕ್ಕಿಬಿದ್ದು ಪಿನ್ ಆನ್ ಇದ್ದ ಹಾಗೆಯೇ ಉಳಿದ್ರೆ ಎಂತ ಅಂತ. ವಾಚ್‌ಡಾಗ್ ಇದೆ ಸರಿ, ಪ್ರೋಗ್ರಾಂ ನಿಂತ್ರೆ ರೀಸೆಟ್ ಮಾಡುವ ಕಾವಲುಗಾರ, ಅದೂ ಅದೇ ಚಿಪ್ಪಿನ ಒಳಗೆ. ಅದಕ್ಕೆ ಪಿನ್ನಿಂದ ನೇರ ರಿಲೇಗೆ ಕೊಡ್ಲಿಲ್ಲ. ನಡುವೆ ಒಂದು ಕೆಪಾಸಿಟರ್, ಎರಡು ಡಯೋಡ್, ಇನ್ನೊಂದು ಕೆಪಾಸಿಟರ್, ಆಮೇಲೆ ಟ್ರಾನ್ಸಿಸ್ಟರ್. ಪಿನ್ ಮೇಲೆ ಕೆಳಗೆ ಕುಣೀತಾ ಇದ್ರೆ ಮಾತ್ರ ಎರಡನೇ ಕೆಪಾಸಿಟರಲ್ಲಿ ಚಾರ್ಜ್ ನಿಲ್ತದೆ, ರಿಲೇ ಹಿಡಿದಿರ್ತದೆ. ಪಿನ್ ಆನಲ್ಲೇ ನಿಂತ್ರೂ ಆಫಲ್ಲೇ ನಿಂತ್ರೂ ಸ್ವಲ್ಪ ಹೊತ್ತಲ್ಲಿ ರಿಲೇ ಬಿಡ್ತದೆ. ಪರೀಕ್ಷೆಗೆ ಬೇಕಂತ ಕೋಡಲ್ಲಿ ಕೊನೆಯಿಲ್ಲದ ಲೂಪ್ ಹಾಕಿದೆ, ಟಕ್ ಅಂತ ಬಿಟ್ಟಿತು. ಆ ಶಬ್ದ ಕೇಳ್ಲಿಕ್ಕೇ ನಾಲ್ಕು ಸಲ ಮಾಡಿದೆ. ಇದರ ಮೇಲೆ ಟ್ಯಾಂಕಿನ ಹಳೆ ಫ್ಲೋಟ್ ಸ್ವಿಚ್ಚು, ಅದನ್ನು ಕಾಯಿಲಿನ ಸೀರೀಸಲ್ಲಿ ಹಾಕಿದೆ, ಸಾಫ್ಟ್‌ವೇರಿಗೂ ಅದಕ್ಕೂ ಸಂಬಂಧವೇ ಇಲ್ಲ, ಟ್ಯಾಂಕ್ ತುಂಬಿದ್ರೆ ಕಾಯಿಲ್ ಕಟ್. ಆಗ ಇದರಿಂದ ಎಲ್ಲ ಸೇಫ್ ಅಂತ ಅಂದ್ಕೊಂಡಿದ್ದೆ.

ಈಗ ಸಾಫ್ಟ್‌ವೇರು. ಭಾಗಗಳು ಆರು. ಕಾಂಟ್ಯಾಕ್ಟರಿಗೆ ಮೂರು ಅವಸ್ಥೆ: ಸರಿ, ಹಿಡಿಯುದಿಲ್ಲ, ಬಿಡುದಿಲ್ಲ. ಪಂಪಿಗೆ ನಾಲ್ಕು, ಬಾವಿಯೊಳಗೆ ಪೈಪಿನ ಬಾಯಿಯಲ್ಲಿರುವ ಫುಟ್‌ವಾಲ್ವಿಗೆ ಎರಡು, ಟ್ಯಾಂಕ್ ಸೆನ್ಸರಿಗೆ ಮೂರು, ಫ್ಲೋ ಸೆನ್ಸರಿಗೆ ಎರಡು, ಬಾವಿ ಸೆನ್ಸರಿಗೆ ಎರಡು. ಗುಣಿಸಿದ್ರೆ 288 ಕಥೆ. ನೌಕೆಯಲ್ಲಿ ಭಾಗಗಳು ಎಷ್ಟೋ ಹೆಚ್ಚು, ಎಲ್ಲವನ್ನೂ ಒಂದೊಂದಾಗಿ ನೋಡ್ಲಿಕ್ಕೆ ಆಗುದಿಲ್ಲ, ಅದಕ್ಕೆ ಅವರು ಜಾಣತನದಿಂದ ಹುಡುಕ್ಬೇಕಾಯ್ತು. ನಮ್ಮ ಬಾವಿಗೆ ಅದೆಲ್ಲ ಯಾಕೆ, 288ನ್ನೂ ಎರಡು ಸೆಕೆಂಡಿಗೊಮ್ಮೆ ಪೂರ್ತಿ ನೋಡಿಬಿಡುದು, 240 ಮೆಗಾಹರ್ಟ್ಸಿನ ಚಿಪ್ಪಿಗೆ ಅದು ಕೆಲಸವೇ ಅಲ್ಲ. ಪ್ರತಿ ಹಾಳಿಗೂ ಒಂದು ದಂಡದ ಅಂಕ ಇಟ್ಟೆ: ಫ್ಲೋ ಸೆನ್ಸರ್ ಕೆಡುದು ಮಾಮೂಲು, 3. ಟ್ಯಾಂಕ್ ಸೆನ್ಸರ್ 3. ಫುಟ್‌ವಾಲ್ವಲ್ಲಿ ಕಸ 5. ಕಾಂಟ್ಯಾಕ್ಟರ್ ಬಿಡದೆ ಅಂಟಿಕೊಳ್ಳುದು ಅಪರೂಪ, 8. ಕಂಡದ್ದಕ್ಕೆ ಹೊಂದುವ ಕಥೆಗಳಲ್ಲಿ ದಂಡ ಯಾವುದಕ್ಕೆ ಕಡಿಮೆಯೋ ಅದೇ ತೀರ್ಪು, ಅದೂ ಸತತ ಐದು ಸಲ ಅದೇ ಬಂದ್ರೆ ಮಾತ್ರ. ಪಂಪು ಶುರುವಾದ ಮೊದಲ 40 ಸೆಕೆಂಡ್ ಎಂತ ಕಂಡ್ರೂ ಕಣ್ಣು ಮುಚ್ಚಿಕೊಳ್ಳುದು, ಪೈಪು ತುಂಬ್ಬೇಕಲ್ಲ.

ತೀರ್ಪು ಬಂದ ಮೇಲೆ ಎಂತ ಮಾಡುದು ಅನ್ನುದೇ ಮುಖ್ಯ, ಯಾಕಂದ್ರೆ ಅಪ್ಪನಿಗೆ ಬೇಕಾದ್ದು ಕಾರಣ ಅಲ್ಲ, ನೀರು. ಫ್ಲೋ ಸೆನ್ಸರ್ ಹೋದ್ರೆ ಟ್ಯಾಂಕಿನ ಮಟ್ಟ ನೋಡ್ಕೊಂಡು ಓಡ್ತದೆ. ಟ್ಯಾಂಕ್ ಸೆನ್ಸರ್ ಹೋದ್ರೆ ಅಥವಾ ಸಿಡಿಲಿಗೆ 485 ಸತ್ರೆ ಲೀಟರ್ ಎಣಿಸಿಕೊಂಡು ಓಡ್ತದೆ, 30 ನಿಮಿಷ ಮೀರುದಿಲ್ಲ, ಯಾಕಂದ್ರೆ ಪೂರ್ತಿ ಖಾಲಿ ಟ್ಯಾಂಕಿಗೂ ಅಷ್ಟೇ ಸಾಕು. ಎರಡೂ ಹೋದ್ರೆ ಕರೆಂಟ್ ಒಂದನ್ನೇ ನೋಡಿ ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ. ಕರೆಂಟ್ ಸೆನ್ಸರೂ ಇಲ್ಲ ಅಂದ್ರೆ ಮಾತ್ರ ಕೈ ಎತ್ತುದು. ಕರೆಂಟ್ ಹೋಗಿ ಬಂದ್ರೆ ಎಲ್ಲಿದ್ದೆ ಅಂತ ನೆನಪಿರ್ಲಿ ಅಂತ 32 ಕಿಲೋಬೈಟಿನ ಎಫ್‌ರ‍್ಯಾಮ್ ಚಿಪ್ಪು, ಸೆಕೆಂಡಿಗೊಮ್ಮೆ ಬರೆದ್ರೂ ಸವೆಯುದಿಲ್ಲ, ಫ್ಲ್ಯಾಶಿಗೆ ಹಾಗೆ ಮಾಡಿದ್ರೆ ಬೇಗ ಗೋವಿಂದ.

ಅಕ್ಟೋಬರಲ್ಲಿ ಜೋಡಿಸಿದೆ. ನವೆಂಬರಲ್ಲಿ ಒಂದು ಸಲ ಫ್ಲೋ ಸೆನ್ಸರ್ ನಿಂತಿತು, ಡಬ್ಬ ಮೊಬೈಲಿಗೆ 'ಫ್ಲೋ ಸೆನ್ಸರ್ ಹಾಳು, ನೀರು ಬರ್ತಾ ಉಂಟು' ಅಂತ ಮೆಸೇಜ್ ಹಾಕಿ ತನ್ನ ಪಾಡಿಗೆ ಟ್ಯಾಂಕ್ ತುಂಬಿಸಿತು. ನಾನು ಮಣಿಪಾಲದಲ್ಲಿ ಆಫೀಸಿನಲ್ಲಿ ಕೂತು ಒಬ್ಬನೇ ನಗಾಡಿದೆ.

ಡಿಸೆಂಬರಲ್ಲಿ ಫಜೀತಿ ಶುರು. ಪ್ರತಿ ಬೆಳಗ್ಗೆ ಆರರ ಹೊತ್ತಿಗೆ 'ಫುಟ್‌ವಾಲ್ವಲ್ಲಿ ಕಸ' ಅಂತ ಮೆಸೇಜು. ಫ್ಲೋ ನೋಡಿದ್ರೆ 68ರ ಬದಲು 37, ಟ್ಯಾಂಕ್ ಏರುದೂ ನಿಮಿಷಕ್ಕೆ ಎರಡೂವರೆ ಸೆಂಟಿಮೀಟರು. ಎರಡು ಸೆನ್ಸರೂ ಒಟ್ಟಿಗೆ ಸುಳ್ಳು ಹೇಳಿದ್ರೆ ದಂಡ 3 ಮತ್ತೆ 3, ಆರು. ಫುಟ್‌ವಾಲ್ವಿಗೆ 5. ಒಂದು ಅಂಕದಲ್ಲಿ ಫುಟ್‌ವಾಲ್ವ್ ಗೆದ್ದಿತು. ಸರಿ ಅಂತ ಭಾನುವಾರ ಪ್ಲಂಬರ್ ಅಣ್ಣನನ್ನು ಕರೆಸಿ, ಪೈಪ್ ಜೋಡಿಸುವ ಯೂನಿಯನ್ ಬಿಚ್ಚಿ, ನಾನು ಅಪ್ಪ ಅವರು ಮೂರು ಜನ ಸೇರಿ ನೀರು ತುಂಬಿದ ಪೈಪನ್ನು ಮೇಲೆ ಎಳೆದದ್ದು ಎಳೆದದ್ದೇ, ಅಪ್ಪನ ಸೊಂಟ ಹಿಡೀತು. ವಾಲ್ವು ಫಳಫಳ. ಒಂದು ಎಲೆಯೂ ಇಲ್ಲ. ಪ್ಲಂಬರ್ ಅಣ್ಣ ಡಬ್ಬವನ್ನು ನೋಡಿದ್ರು, ನನ್ನನ್ನು ನೋಡಿದ್ರು, ದುಡ್ಡು ತಗೊಂಡು ಹೋದ್ರು.

ಮರುದಿನ ಐದೂವರೆಗೆ ಎದ್ದು ಟಾರ್ಚ್ ಹಿಡ್ಕೊಂಡು ಶೆಡ್ಡಲ್ಲಿ ಕೂತೆ. ಆರಕ್ಕೆ ಪಂಪ್ ಶುರು. ಲ್ಯಾಪ್‌ಟಾಪಲ್ಲಿ ಎಲ್ಲ ಅಂಕಿ ಓಡ್ತಾ ಇದೆ, ಫ್ಲೋ 37. ಆಗ ಕರೆಂಟಿನ ಮೇಲೆ ಕಣ್ಣು ಬಿತ್ತು, 6.1. ಒಂದು ನಿಮಿಷ ನೋಡಿದೆ, ಅಲ್ಲ, ಬಾಯಿಯಲ್ಲಿ ಕಸ ಸಿಕ್ಕಿದ ಪಂಪಿಗೆ ನೀರು ಕಡಿಮೆ, ಕೆಲಸ ಕಡಿಮೆ, ಕರೆಂಟೂ ಇಳೀಬೇಕಿತ್ತು. ಇದು ಏರಿದೆ. ಬಾವಿಯ ಸೆನ್ಸರ್ ನೋಡಿದ್ರೆ ನೀರು ಇಳಿಯುದು ನಿಮಿಷಕ್ಕೆ 1.2ರ ಬದಲು 1.4. ಅಂದ್ರೆ ಪಂಪು ಮಾಮೂಲಿಗಿಂತ ಹೆಚ್ಚೇ ನೀರೆತ್ತುತ್ತಾ ಇದೆ, ಟ್ಯಾಂಕಿಗೆ ಅರ್ಧವೇ ಮುಟ್ಟುತ್ತಾ ಇದೆ. ಬಾವಿಯಿಂದ ಹೊರಟ ನೀರು ದಾರಿಯಲ್ಲಿ ಎಲ್ಲಿಗೆ ಹೋಯ್ತು?

ಶೆಡ್ಡಿನ ಹಿಂದೆ ಹೋಗಿ ನೋಡಿದ್ರೆ ಅಮ್ಮ. ಮಲ್ಲಿಗೆ ಗಿಡದ ಬುಡಕ್ಕೆ ಪೈಪ್ ಹಿಡ್ಕೊಂಡು ನಿಂತಿದ್ದಾರೆ. ಪೈಪ್ ಲೈನಿಗೆ ಅಲ್ಲೊಂದು ಟೀ, ಅಂದ್ರೆ ಕವಲು, ಅದಕ್ಕೊಂದು ಗೇಟ್‌ವಾಲ್ವು, ನಾನು ಶಾಲೆಗೆ ಹೋಗುವ ಕಾಲದಿಂದ ಇದೆ. ನನ್ನ ಮಾಡೆಲಲ್ಲಿ ಮಾತ್ರ ಇಲ್ಲ. ಮಳೆಗಾಲದಲ್ಲಿ ಅದನ್ನು ಯಾರೂ ಮುಟ್ಟುದಿಲ್ಲ, ಹಾಗಾಗಿ ನನಗೆ ನೆನಪೇ ಬರ್ಲಿಲ್ಲ. 'ಪಂಪ್ ಓಡುವಾಗ ಬಿಟ್ರೆ ಜೋರು ಬರ್ತದೆ, ಅದಕ್ಕೇ ಬೇಗ ಬರುದು' ಅಂದ್ರು ಅಮ್ಮ.

ಇಲ್ಲಿ ನಾಚಿಕೆಯ ವಿಷಯ ಎಂತಂದ್ರೆ ಸಾಕ್ಷಿಗಳು ಇಬ್ಬರೂ ಮೊದಲೇ ಹೇಳಿದ್ರು, ನಾನೇ ಅವರ ಬಾಯಿ ಮುಚ್ಚಿಸಿದ್ದೆ. ಬಾವಿಯ ಸೆನ್ಸರ್ ಹಗ್ಗಕ್ಕೆ ತೂಗಾಡ್ತದೆ ಅಂತ ಅದರ ಮಾತಿಗೆ ಬೆಲೆ ಕಡಿಮೆ ಇಟ್ಟಿದ್ದೆ. ಕರೆಂಟನ್ನು ಮೂರು ಪಟ್ಟಿ ಮಾಡಿದ್ದೆ: 5ರ ಕೆಳಗೆ ಕಡಿಮೆ, 5ರಿಂದ 7 ಸರಿ, ಮೇಲೆ ಹೋದ್ರೆ ಜಾಸ್ತಿ. 5.8 ಹೋಗಿ 6.1 ಆದ್ರೆ ಅದರ ಲೆಕ್ಕದಲ್ಲಿ ಎರಡೂ 'ಸರಿ'. ಈಗ ಪಟ್ಟಿ ತೆಗೆದು ಆ ವೋಲ್ಟೇಜಿಗೆ ಇರಬೇಕಾದ ಕರೆಂಟಿಗಿಂತ ಎಷ್ಟು ವ್ಯತ್ಯಾಸ ಅಂತ ನೋಡ್ತೇನೆ, ಸಂಜೆ ವೋಲ್ಟೇಜ್ ಇಳಿದಾಗ ಮೋಟರ್ ಹೆಚ್ಚು ಕರೆಂಟ್ ಎಳೆಯುದು ಬೇರೆ ವಿಷಯ. ಗೇಟ್‌ವಾಲ್ವನ್ನು ಏಳನೇ ಭಾಗ ಮಾಡಿದೆ, ತೆರೆದಿದೆ, ಮುಚ್ಚಿದೆ, ತೆರೆದಿದ್ರೆ ದಂಡ ಬರೀ 1. ಮತ್ತೆ ಲಿವಿಂಗ್‌ಸ್ಟನಲ್ಲಿ ಇದ್ದ ಒಂದು ಸಂಗತಿಯನ್ನು ನಾನು ಯಾಕೆ ಬೇಕು ಅಂತ ಬಿಟ್ಟಿದ್ದೆ, ಅದನ್ನೂ ವಾಪಸ್ ತಂದೆ: ಪ್ರತಿ ಭಾಗಕ್ಕೂ 'ಎಂತ ಆಗಿದೆ ಗೊತ್ತಿಲ್ಲ' ಅನ್ನುವ ಒಂದು ಅವಸ್ಥೆ, ದಂಡ ದೊಡ್ಡದು, ಆದ್ರೆ ಎಂತದೂ ಹೊಂದದಿದ್ದಾಗ ಸುಮ್ಮನೆ ಯಾರದ್ದೋ ಕುತ್ತಿಗೆಗೆ ಕಟ್ಟುದು ಬೇಡ. ಎರಡು ಕಥೆಗಳ ನಡುವೆ ಅಂತರ 2ಕ್ಕಿಂತ ಕಡಿಮೆ ಇದ್ರೆ ತೀರ್ಪು ಇಲ್ಲ, ಪಂಪನ್ನು ನಿಲ್ಲಿಸಿ ಮತ್ತೆ ಓಡಿಸಿ ಯಾವ ಅಂಕಿ ಹೇಗೆ ಬದಲಾಗ್ತದೆ ಅಂತ ಪರೀಕ್ಷೆ ಮಾಡ್ತದೆ.

ಇನ್ನೊಂದು ಪೆಟ್ಟು ತಿಂದದ್ದು ಹೊಂದಾಣಿಕೆಯಲ್ಲಿ. ಬೇಸಗೆ ಬಂದ ಹಾಗೆ ಬಾವಿಯ ನೀರು ಕೆಳಗೆ ಹೋಗ್ತದೆ, ಎತ್ತಬೇಕಾದ ಎತ್ತರ ಹೆಚ್ಚಾಗಿ ಪಂಪಿನ ನೀರು ಕಡಿಮೆ ಆಗ್ತದೆ, ಇದು ಹಾಳಲ್ಲ. ಹಾಗಾಗಿ '68' ಅನ್ನುವ ಅಂಕಿಯನ್ನು ಡಬ್ಬವೇ ದಿನಾ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುವ ಹಾಗೆ ಮಾಡಿದ್ದೆ. ಫೆಬ್ರವರಿಯಲ್ಲಿ ನೋಡಿದ್ರೆ ಅದು 51ಕ್ಕೆ ಬಂದು ಕೂತಿದೆ. ಅಷ್ಟು ಹೇಗೆ ಅಂತ ಫ್ಲೋ ಸೆನ್ಸರ್ ಬಿಚ್ಚಿದ್ರೆ ಒಳಗೆಲ್ಲ ಕಂದು ಬಣ್ಣದ ಲೋಳೆ ಗಸಿ, ನೀರಲ್ಲಿ ಕಬ್ಬಿಣ ಇರುವ ಬಾವಿಯವರಿಗೆ ಗೊತ್ತಿರ್ತದೆ. ಚಕ್ರ ದಿನಕ್ಕೊಂದಿಷ್ಟು ನಿಧಾನ ಆಗ್ತಾ ಬಂದಿದೆ, ಡಬ್ಬ ಅದರ ಹಿಂದೆಯೇ ಪಾಪದವರ ಹಾಗೆ ನಿಧಾನ ಆಗ್ತಾ ಹೋಗಿದೆ, ಎಲ್ಲ ಸರಿ ಇದೆ ಅಂತ ಹೇಳ್ತಾ. ಒಮ್ಮೆಲೇ ಕೆಟ್ರೆ ಹಿಡೀತದೆ, ಮೆಲ್ಲ ಕೆಟ್ರೆ ಅದಕ್ಕೇ ಒಗ್ಗಿಕೊಳ್ತದೆ. ಈಗ ಫ್ಲೋ ಅಂಕಿಯನ್ನು ಟ್ಯಾಂಕಿನ ಮಟ್ಟದ ಜೊತೆ ತಾಳೆ ನೋಡದೆ ತಿದ್ದುದಿಲ್ಲ, ಮೊದಲ ದಿನದ ಅಳತೆಯಿಂದ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಆಚೀಚೆ ಹೋಗ್ಲಿಕ್ಕೆ ಬಿಡುದೂ ಇಲ್ಲ. ಅದಕ್ಕಿಂತ ದೂರ ಹೋದ್ರೆ ಬಕೆಟ್ ಹಿಡ್ಕೊಂಡು ಬಾ ಅಂತ ನನಗೇ ಮೆಸೇಜು.

ಬಾವಿಯ ಕಡೆಗೆ ಮಾತ್ರ ಹೊಂದಾಣಿಕೆ ನಿಜವಾಗಿ ಬೇಕು. ಪಂಪ್ ನಿಂತ ಮೇಲೆ ಬಾವಿ ಎಷ್ಟು ಬೇಗ ತುಂಬ್ತದೆ ಅಂತ ಡಬ್ಬ ಪ್ರತಿ ಸಲ ಅಳೀತದೆ. ನವೆಂಬರಲ್ಲಿ ಇಳಿದ ನೀರು ಮುಕ್ಕಾಲು ಗಂಟೆಯಲ್ಲಿ ಅರ್ಧ ವಾಪಸ್ ಬರ್ತಿತ್ತು, ಏಪ್ರಿಲ್ ಹೊತ್ತಿಗೆ ಎರಡೂವರೆ ಗಂಟೆ. ನಮ್ಮ ಕಡೆ ಆಗ ಜೋರು ಎಳೆದ್ರೆ ನೀರು ಉಪ್ಪಾಗ್ತದೆ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಮಾತ್ರ ಭಾರ, ಹಾಗಾಗಿ ಲೆಕ್ಕದ ಪ್ರಕಾರ ಸಮುದ್ರಮಟ್ಟದ ಮೇಲೆ ಒಂದು ಮೀಟರ್ ಸಿಹಿನೀರಿದ್ರೆ ಕೆಳಗೆ ಸುಮಾರು 40 ಮೀಟರ್ ಸಿಹಿ ಇರ್ತದೆ, ಮೇಲೆ ಒಂದು ಗೇಣು ಇಳಿಸಿದ್ರೆ ಕೆಳಗಿಂದ ಉಪ್ಪು ನಲ್ವತ್ತು ಗೇಣು ಮೇಲೆ ಬರ್ಲಿಕ್ಕೆ ನೋಡ್ತದೆ. ಅದಕ್ಕೆ ಮಾರ್ಚ್ ನಂತರ ಡಬ್ಬ ಒಂದೇ ಸಲಕ್ಕೆ ಅರ್ಧ ಗಂಟೆ ಓಡಿಸುದಿಲ್ಲ, ಎಂಟೆಂಟು ನಿಮಿಷ, ನಡುವೆ ಬಾವಿಗೆ ಉಸಿರು. ಅಜ್ಜ ಏತ ಹಾಕುವಾಗಲೂ ಹೀಗೇ ಬಿಟ್ಟು ಬಿಟ್ಟು ಎಳೀತಿದ್ರು ಅಂತ ಅಪ್ಪ ಹೇಳಿದ್ರು, ಡಬ್ಬದ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೆ ಮಾತು ಅದು.

ಈಗ ಅಪ್ಪನ ವಿಷಯ. ಬೈಪಾಸ್ ಸ್ವಿಚ್ ಗೋಡೆಯಲ್ಲಿ ಹಾಗೇ ಇತ್ತು, ಅಪ್ಪ ಮನಸ್ಸು ಬಂದಾಗ ಹಾಕ್ತಿದ್ರು. ಡಬ್ಬದ ಕಣ್ಣಿಗೆ ಅದು ಕಾಣುದು ಹೀಗೆ: ನಾನು ಆನ್ ಹೇಳ್ಲಿಲ್ಲ, ಆದ್ರೂ ಕರೆಂಟ್ 5.8. ಅದರ ತೀರ್ಪು, ಕಾಂಟ್ಯಾಕ್ಟರ್ ಅಂಟಿದೆ, ಅಪಾಯ. ವಾರಕ್ಕೆ ನಾಲ್ಕು ಸಲ ಅಲಾರ್ಮು. ಬೇಜಾರಾಗಿ ಇನ್ನೊಂದು ಭಾಗ ಸೇರಿಸಿದೆ, ಹೆಸರು 'ಅಪ್ಪ', ಅವಸ್ಥೆ ಎರಡು, ಸುಮ್ಮನಿದ್ದಾರೆ, ಬೈಪಾಸ್ ಹಾಕಿದ್ದಾರೆ. ದಂಡ 2. ಕಾಂಟ್ಯಾಕ್ಟರ್ ಅಂಟುದಕ್ಕೆ 8 ಇದ್ದದ್ದರಿಂದ ಆಮೇಲೆ ಅಲಾರ್ಮ್ ಇಲ್ಲ, ಬರೀ 'ಅಪ್ಪ ಬೈಪಾಸ್ ಹಾಕಿದ್ದಾರೆ' ಅಂತ ಒಂದು ಮೆಸೇಜು, ನಾನೂ ಸ್ನೇಹಿತರಿಗೆ ತೋರಿಸಿ ನಗಾಡುದು.

ಮೇಯಲ್ಲಿ ಒಂದು ದಿನ ಹನ್ನೊಂದೂ ಮುಕ್ಕಾಲಿಗೆ ಅದೇ ಮೆಸೇಜ್ ಬಂತು. ಸರಿ ಅಂತ ಬಿಟ್ಟೆ. ಹನ್ನೆರಡೂವರೆಗೆ ಸುಮ್ಮನೆ ತೆಗೆದು ನೋಡಿದ್ರೆ ಟ್ಯಾಂಕ್ ತುದಿಯಲ್ಲಿದೆ, ಕರೆಂಟು ಇನ್ನೂ 5.9. ಮತ್ತೆ ನೆನಪಾಯ್ತು, ಇವತ್ತು ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಫೋನ್ ಮಾಡಿದ್ರೆ ಹಿಂದೆ ಓಲಗ, 'ನಾನು ಮಂಗಳೂರಲ್ಲಿ ಮದುವೆ ಊಟಕ್ಕೆ ಕೂತಿದ್ದೇನೆ ಮಾರಾಯ, ಎಂತ ಆಯ್ತು?'

ಬೈಕ್ ಹಾಕ್ಕೊಂಡು ಬಂದೆ. ಟ್ಯಾಂಕಿನ ಮೇಲಿಂದ ನೀರು ಗೋಡೆಯಲ್ಲಿ ಇಳಿದು ಅಂಗಳ ದಾಟಿ ತೋಡಿಗೆ ಹೋಗ್ತಾ ಇತ್ತು. ಪಂಪಿನ ಲೈನಿನ ಎಂಸಿಬಿ ಸ್ವಿಚ್ ಇಳಿಸಿದೆ. ಬೈಪಾಸ್ ಆಫಲ್ಲೇ ಇದೆ. ಕಾಂಟ್ಯಾಕ್ಟರ್ ಬಿಚ್ಚಿದ್ರೆ ಒಂದು ಜೋಡಿ ಬೆಳ್ಳಿ ಬಿಲ್ಲೆ ಕರ್ರಗೆ ಒಂದಕ್ಕೊಂದು ಬೆಸುಗೆ ಬಿದ್ದಿತ್ತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯ್ತು. ಫ್ಲೋಟ್ ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಕಾಯಿಲನ್ನು ಕಟ್ ಮಾಡಿದೆ. ಬಿಲ್ಲೆ ಅಂಟಿದ ಮೇಲೆ ಕಾಯಿಲ್ ಬಿಟ್ಟರೆಷ್ಟು ಹಿಡಿದರೆಷ್ಟು. ಎಲ್ಲ ಸೇಫ್ ಅಂದ್ಕೊಂಡಿದ್ದ ನನ್ನ ಕೊನೆಯ ಬಾಗಿಲೂ ಆ ಒಂದೇ ಬಿಲ್ಲೆಯ ಮೇಲೆ ನಿಂತಿತ್ತು.

ಯಾಕೆ ಅಂಟಿತು ಅಂತ ಎಫ್‌ರ‍್ಯಾಮಿನ ದಾಖಲೆ ತೆಗೆದೆ. ಹಿಂದಿನ ದಿನ ಸಂಜೆ ವೋಲ್ಟೇಜ್ 172ಕ್ಕೆ ಇಳಿದಿತ್ತು. ಪಂಪ್ ಶುರು ಮಾಡುವಾಗ ಇನ್ನೂ ಕುಸಿದು ಕಾಯಿಲ್ ಬಿಡ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಏರ್ತದೆ, ನನ್ನ ಕೋಡು 'ಕಾಂಟ್ಯಾಕ್ಟರ್ ಹಿಡೀಲಿಲ್ಲ, ಮತ್ತೆ ಪ್ರಯತ್ನ ಮಾಡು' ಅಂತ ಪುನಃ ಹಾಕ್ತದೆ. ಒಂಬತ್ತು ನಿಮಿಷದಲ್ಲಿ 31 ಸ್ಟಾರ್ಟು. ಪ್ರತಿ ಸ್ಟಾರ್ಟಿಗೂ ಮೋಟರ್ ಐದಾರು ಪಟ್ಟು ಕರೆಂಟ್ ಎಳೀತದೆ, ಬಿಲ್ಲೆಯ ನಡುವೆ 31 ಸಲ ಕಿಡಿ. ಹಾಳನ್ನು ತಡ್ಕೊಳ್ಳಲಿ ಅಂತ ನಾನು ಬರೆದ ಮರುಪ್ರಯತ್ನದ ಆರು ಸಾಲೇ ಕಾಂಟ್ಯಾಕ್ಟರನ್ನು ಸಾಯಿಸಿದ್ದು.

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಎರಡು ಕಾಂಟ್ಯಾಕ್ಟರ್ ತಂದೆ. ಒಂದರ ಹಿಂದೆ ಒಂದು ಸೀರೀಸಲ್ಲಿ. ಮೊದಲನೆಯದನ್ನು ಡಬ್ಬ ಆಡಿಸ್ತದೆ, ಎರಡನೆಯದರ ಕಾಯಿಲಲ್ಲಿ ಈಗ ಫ್ಲೋಟ್ ಮಾತ್ರ, ಅದು ಟ್ಯಾಂಕ್ ತುಂಬಿದಾಗ ಬಿಟ್ರೆ ಬೇರೆ ಹೊತ್ತಿಗೆ ಕದಲುದಿಲ್ಲ, ಹಾಗಾಗಿ ಸವೆಯುದೂ ಇಲ್ಲ. ಬೈಪಾಸನ್ನು ಸಹ ಎರಡನೆಯದರ ಮೊದಲು ಬರುವ ಹಾಗೆ ತಿರುಗಿಸಿದೆ, ಅಪ್ಪ ಹಾಕಿ ಮರೆತ್ರೂ ಫ್ಲೋಟ್ ನಿಲ್ಲಿಸ್ತದೆ. 180 ವೋಲ್ಟಿನ ಕೆಳಗೆ ಸ್ಟಾರ್ಟ್ ಇಲ್ಲ, ಎರಡು ಸ್ಟಾರ್ಟಿನ ನಡುವೆ ಮೂರು ನಿಮಿಷ, ಮೂರು ಸಲ ಆಗ್ಲಿಲ್ಲ ಅಂದ್ರೆ ಒಂದು ಗಂಟೆ ಸುಮ್ಮನೆ ಕೂರುದು.

ಕೊನೆಗೆ ಬೈಪಾಸ್ ಸ್ವಿಚ್ಚನ್ನು ಒಟ್ಟಿಗೇ ಎರಡು ಲೈನ್ ಆಡಿಸುವ ಎರಡು ಪೋಲಿನದ್ದಕ್ಕೆ ಬದಲಿಸಿ, ಎರಡನೇ ಪೋಲಿಂದ, ಬೆಳಕಿನ ಮೂಲಕ ಮಾತ್ರ ಸುದ್ದಿ ದಾಟಿಸುವ ಒಂದು ಆಪ್ಟೊಕಪ್ಲರ್ ಮೂಲಕ ಎರಡು ಸಪುರ ವಯರ್ ಡಬ್ಬಕ್ಕೆ ಎಳೆದೆ. ಒಂದು ಗಂಟೆಯ ಕೆಲಸ. ಇನ್ನು 'ಅಪ್ಪ' ಊಹೆಯಲ್ಲ, ಇನ್ಪುಟ್. ಹೊಸ ವಯರ್ ನೋಡಿ ಅಪ್ಪ ಇದೆಂತ ಅಂತ ಕೇಳಿದ್ರು. ನೀವು ಸ್ವಿಚ್ ಹಾಕಿದ್ರೆ ಡಬ್ಬಕ್ಕೆ ಗೊತ್ತಾಗ್ಲಿಕ್ಕೆ ಅಂತ ಹೇಳಿದೆ. 'ಅಷ್ಟಕ್ಕೆ ವಯರ್ ಯಾಕೆ, ನನ್ನ ಹತ್ತಿರ ಕೇಳಿದ್ರೆ ಆಗುದಿಲ್ವಾ' ಅಂತ ಹೇಳಿ ಪಂಪ್ ಆನ್ ಮಾಡಿ ಸ್ನಾನಕ್ಕೆ ಹೋದ್ರು.